ಸೆರಗಿನ ಗಂಟು

ಜನವರಿ ೬, ಸೋಮವಾರ

ನಿನ್ನೆ ಆರಾಧನಿ ಮುಗದ ಮ್ಯಾಲ ಪಾಸ್ಟರ್ರು ನನ್ನ ಕರದ್ರು. ಫೆಬ್ರವರಿ ಹದಿನಾರಕ್ಕ ಹೆತ್ತವರ ಭಾನುವಾರ ಐತಿ, ಅವತ್ತು ನೀವು ಸಾಕ್ಷಿ ಹೇಳಬೇಕ್ರಿ ವಿದ್ಯಾವತಿಬಾಯಿ ಅಂದ್ರು. ಎಲ್ಲಾರ ಮುಂದ ಎದ್ದು ನಿಂತು, ಐದನೇ ಆಜ್ಞೆ ಹೆಂಗ ನಡಸಾಕತ್ತೇನಿ, ತಾಯಿನ್ನ ಹೆಂಗ ಸನ್ಮಾನ ಮಾಡಾಕತ್ತೇನಿ ಅಂತ ಹೇಳಬೇಕಂತ. ನಿಮ್ಮಂಗ ತಾಯಿ ಸೇವಾ ಮಾಡೂ ಮಗಳು ಸಿಂದಗಿಯೊಳಗ ಇನ್ನೊಬ್ಬಾಕಿ ಇಲ್ಲ ಅಂದ್ರು. ಮರಿಬಾರದು ಅಂದ್ರ ದಿನಾ ಎರಡ ಸಾಲು ಬರದು ಇಡ್ರಿ ಅಂದ್ರು. ಅದಕ ಈ ನೋಟುಬುಕ್ಕು.

ಎರಡ ಸಾಲು: ಇವತ್ತು ಅವ್ವಗ ಜಳಕಾ ಮಾಡಿಸಿದೆ. ತಲಿ ಬಾಚಿದೆ.

ಇದು ಖರೇ. ಆದ್ರ ಜಳಕಾ ಮಾಡಸೂ ಮುಂದ ಏನೇನ ಅಂದೆ ಅನ್ನೂದು ಬರದ್ರ ಪಾಸ್ಟರ್ರು ಊರ ಬಿಟ್ಟು ಓಡತಾರ. ದೀಪಾವಳಿಗೆ ಮುದುಕಿ ಬಸವನ ಬಾಗೇವಾಡಿಯೊಳಗ ನನ್ನ ತಮ್ಮ ಕಲ್ಮೇಶನ ಮನಿ ಅಂಗಳದಾಗ ಬಿದ್ದು ಕಾಲ ಮುರಕೊಂಡ್ಲು. ವಿಜಯಪುರದಾಗ ರಾಡ್ ಹಾಕಿಸಿ, ಹದಿನೈದ ದಿನ ಇಟ್ಟುಕೋ ಅಕ್ಕಾ ಅಂತ ತಂದು ಬಿಟ್ಟು ಹೋದ. ಎರಡ ತಿಂಗಳ ಆತು. ಈಗ ಶಿವರಾತ್ರಿಗೆ ಕರಕೊಂಡು ಹೋಗತೇನಿ ಅಂತಾನ. ಇನ್ನ ಐವತ್ತೊಂದು ದಿನ. ಎಣಿಸೇನಿ.

ಜನವರಿ ೯, ಗುರುವಾರ

ಶ್ರೀಶೈಲಪ್ಪನವರ ಖಾನಾವಳಿಗೆ ದಿನಾ ನೂರೈವತ್ತು ರೊಟ್ಟಿ ಹೋಗಬೇಕು. ಐದಕ್ಕ ಎದ್ದು ಒಲಿ ಹಚ್ಚಿದ್ರ ಹನ್ನೊಂದಕ್ಕ ಮುಗೀತಾವು. ಆ ಆರು ತಾಸೂ ಮುದುಕಿ ನನ್ನ ಎದುರಿಗೆ ಗ್ವಾಡಿಗೆ ಆತು, ರಾಡ್ ಹಾಕಿದ ಕಾಲು ಚಾಚಿ ಕುಂಡರತಾಳ. ಆರಿದ ರೊಟ್ಟಿ ಒಂದೊಂದ ಎತ್ತಿ, ಹೊಳ್ಳಿಸಿ, ಉಗರಿಲೆ ಟಕ್ ಟಕ್ ಬಡದು ನೋಡತಾಳ. ಸಾಹೇಬ್ರ ತಪಾಸಣಿ!

"ಅಂಚು ದಪ್ಪ ಆಗೇತಿ."

"ಮೂವತ್ತ ವರ್ಷ ರೊಟ್ಟಿ ಬಡದೇನಿ ಬೇ ಯವ್ವಾ!"

"ಮೂವತ್ತ ವರ್ಷ ದಪ್ಪ ಬಡದಿ."

ನಮ್ಮ ಮನಿಯವರು ಬಾಡಿಗಿ ಹೊಡಿಯೂ ಟಂಟಂ ಗಾಡಿ ಒರಸಿಕೋತ ಹೊರಗ ನಿಂತಿದ್ರು, ಕಿಸಕ್ಕನ ನಕ್ಕರು. ಗಂಡಸರಿಗೇನು, ನಗತಾರ.

ನಾ ಅಕಿಗೆ ಏನ ಅನ್ನಬೇಕಂತ ಮಾಡಿದ್ದೆ ಅದನ್ನ ಇಲ್ಲಿ ಬರೀತೇನಿ. ನನ್ನ ಆರನೇ ಕ್ಲಾಸಿನ ಅರ್ಧಕ್ಕ ಸಾಲಿ ಬಿಡಿಸಿದ್ಲು. ಕಲ್ಮೇಶ ಹುಟ್ಟಿದ್ದ, ಅಕಿ ಹೊಲಕ್ಕ ಕಳೆ ತಗಿಯಾಕ ಹೋದ್ರ ಕೂಸಿನ್ನ ಹಿಡಿಯಾಕ ಯಾರೂ ಇರಲಿಲ್ಲಂತ. ಬಿಡಿಸಿದ್ದು ಬಿಡಿಸಿದ್ಲು, ಮರುದಿನ ನನ್ನ ಪಾಟಿಚೀಲದಾಗ ಬಳ್ಳೊಳ್ಳಿ ತುಂಬಿ ಗ್ವಾಡಿಗೆ ತೂಗ ಹಾಕಿದ್ಲು! ಹೆಸರು ನೋಡಿದ್ರ ವಿದ್ಯಾವತಿ. ಇವತ್ತಿಗೂ ಬಳ್ಳೊಳ್ಳಿ ಸುಲಿಯೂ ಮುಂದ ನನಗ ಸಾಲಿ ನೆನಪಾಗತೈತಿ. ನನ್ನ ಮಗಳು ವಿಜಯಪುರದಾಗ ನರ್ಸಿಂಗ್ ಓದಾಕತ್ತಾಳ. ಅಕೀನ್ನ ಯಾರರೆ ಬಿಡಸ್ರಿ ನೋಡೂಣು.

ಆಜ್ಞೆ ಕೊಟ್ಟ ದೇವರಿಗೆ ನಮ್ಮವ್ವ ಗುಂಡವ್ವ ಗೊತ್ತಿದ್ಲೋ ಇಲ್ಲೋ.

ಜನವರಿ ೧೩, ಸೋಮವಾರ

ನಾಳೆ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮುನ್ನೂರು ಬೇಕಂತ ಶ್ರೀಶೈಲಪ್ಪನವರು ನಿನ್ನೆ ಹೇಳಿ ಕಳಸ್ಯಾರ. ಕೈ ಉಬ್ಬಿ ಹೋಗ್ಯಾವು. ಮುದುಕಿ ತಾನೂ ಬಡೀತೇನಿ ಅಂತ ಹಿಟ್ಟಿನ ಪರಾತ ಎಳಕೊಂಡ್ಲು. ಬ್ಯಾಡ ಅಂದೆ, ಕೇಳಲಿಲ್ಲ. ಕುಂತಲ್ಲೇ ನಲವತ್ತ ಬಡದ್ಲು. ಒಂದೂ ಹರೀಲಿಲ್ಲ. ಎಲ್ಲಾ ಹಾಳಿ ಇದ್ದಂಗ. ನನ್ನವು ಅವುಗಳ ಪಕ್ಕದಾಗ ಇಟ್ಟರ ಖರೇನ ದಪ್ಪ ಕಂಡವು. ಸಿಟ್ಟು ಬಂತು.

ನಿನ್ನೆ ಚರ್ಚಿಗೆ ನಾನೂ ಬರತೇನಿ ಅಂದ್ಲು. ನನ್ನ ಲಗ್ನಾ ಆದಾಗ, ಚರ್ಚಿನವರ ಮನಿತನಕ್ಕ ಹೋದಿ, ನಿನ್ನ ಹೊಸ್ತಿಲ ತುಳಿಯೂದಿಲ್ಲ ಅಂದಾಕಿ, ಹನ್ನೊಂದ ವರ್ಷ ತುಳೀಲಿಲ್ಲ. ಈಗ ಮನ್ಯಾಗ ಒಬ್ಬಾಕಿ ಕುಂತ್ರ ಬ್ಯಾಸರಂತ. ಲಚ್ಯಾಣದ ಮಠದಿಂದ ತಂದ ವಿಭೂತಿ ಡಬ್ಬಿ ಒಂದು ಇಟ್ಟುಕೊಂಡಾಳ. ಹಣಿ ತುಂಬ ಹಚ್ಚಿಕೊಂಡು ಬಂದು ಹೆಣಮಕ್ಕಳ ಸಾಲಿನ್ಯಾಗ ಮುಂದ ಕುಂತ್ಲು. ಪಾಸ್ಟರ್ರು ನಕ್ಕೋತ ಬರ್ರಿ ಅಜ್ಜಿ ಅಂದ್ರು, ಖರೇ. ಆದ್ರ ಹಿಂದ ಕುಂತವರು ಏನ ಮಾತಾಡಿಕೊಂಡ್ರೋ. ಸಾಕ್ಷಿ ಹೇಳಾಕಿ ನಾನು. ಪ್ರಸಂಗ ಒಂದೂ ಕಿವಿಗೆ ಬೀಳಲಿಲ್ಲ. ನಡುವ ಸಿಲಿಂಡರ್ ಬಂದ್ ಮಾಡೇನೋ ಇಲ್ಲೋ ಅಂತ ಬ್ಯಾರೆ.

ಎರಡ ಸಾಲು: ಅವ್ವನ್ನ ದೇವರ ಮನಿಗೆ ಕರಕೊಂಡು ಹೋದೆ.

ಸುಳ್ಳು. ಅಕೀನ ಬಂದ್ಲು.

ಜನವರಿ ೨೧, ಮಂಗಳವಾರ

ಕಲ್ಮೇಶ ಫೋನ್ ಮಾಡಿದ್ದ. "ಅವ್ವ ಆರಾಮ ಅದಾಳಲ್ಲ ಅಕ್ಕಾ?" ಆರಾಮ ಅದಾಳಪಾ. ನೀ ಆರಾಮ ಅದಿ, ನಿನ್ನ ಹೇಣ್ತಿ ಆರಾಮ ಅದಾಳ. ನಾನ ಒಬ್ಬಾಕಿ ಸಾಯಾಕತ್ತೇನಿ.

ಫೋನಿನ್ಯಾಗ ಹೂಂ ಅಂದೆ ಅಷ್ಟ.

ಜನವರಿ ೨೨

ಹಾಸಗಿ ಒದ್ದಿ ಮಾಡಿದ್ಲು. ಎರಡ ಸಲ. ಏನೂ ಬರಿಯೂದಿಲ್ಲ.

ಫೆಬ್ರವರಿ ೨, ಭಾನುವಾರ

ಮೊದಲಿಂದ ಬರೀತೇನಿ.

ಇವತ್ತು ಕರ್ತನ ಭೋಜನ ಇತ್ತು. ತಿಂಗಳಿಗೊಮ್ಮೆ. ಅದನ್ನ ತಗೊಳ್ಳೂತನಕ ನಾ ನೀರೂ ಕುಡಿಯೂದಿಲ್ಲ, ನಮ್ಮತ್ತಿ ಕಲಿಸಿದ್ದು. ಮುಂಜಾನೆ ಮುದುಕಿ ಮತ್ತ ಹಣಿ ತುಂಬ ವಿಭೂತಿ ಹಚ್ಚಿಕೊಂಡಿದ್ಲು. ಇವತ್ತೊಂದಿನ ಒರಸಬೇ ಯವ್ವಾ, ಮಂದಿ ನೋಡತಾರ ಅಂದೆ. "ಮಂದಿ ನಿನ್ನ ಹಣಿ ನೋಡ್ಲಿ, ನನ್ನದ್ಯಾಕ ನೋಡತಾರ" ಅಂದ್ಲು. ನನಗ ಅದೇನ ಬಂತೋ. ಹಂಚಿನ ಮ್ಯಾಲ ರೊಟ್ಟಿಗೆ ನೀರು ಸವರೂ ಅರಿವಿ ಕೈಯಾಗಿತ್ತು. ಅದರಿಂದನ ಅಕಿ ಹಣಿ ಉಜ್ಜಿ ಒರಸಿದೆ. ಅಕಿ ಮಕಾ ಆ ಕಡೆ ಮಾಡಲಿಲ್ಲ, ಬೈಯಲೂ ಇಲ್ಲ. ಕಣ್ಣ ಮುಚ್ಚಿಕೊಂಡು ಕುಂತ್ಲು. ನಾ ಅಷ್ಟಕ್ಕ ಬಿಡಲಿಲ್ಲ. ಶಿವರಾತ್ರಿಗೆ ನೀ ಹೋದ್ರ ನನ್ನ ಮನಿ ತಣ್ಣಗಾಗತೈತಿ ಅಂದೆ.

ಇವರು ಟಂಟಂ ಚಾಲೂ ಮಾಡಿದವರು ಬಂದ್ ಮಾಡಿ ನನ್ನ ನೋಡಿದ್ರು. ಬೈದಿದ್ರ ಬೇಸಿತ್ತು.

ಒಬ್ಬರ ಮ್ಯಾಲ ಸಿಟ್ಟು ಇಟ್ಟುಕೊಂಡು ಕರ್ತನ ಮೇಜಿಗೆ ಹೋಗಬಾರದು. ಮೊದಲ ರಾಜಿ ಆಗಬೇಕು. ಅದಕ ಎಲ್ಲಾರೂ ಎದ್ದು ಮುಂದ ಹೋದಾಗ ನಾ ಏಳಲಿಲ್ಲ. ತಲಿ ಬಗ್ಗಿಸಿ ಕುಂತೆ. ತಲಿ ಎತ್ತಿ ನೋಡತೇನಿ, ಪಕ್ಕದಾಗ ಅವ್ವ ಇಲ್ಲ! ಬಡಿಗಿ ಊರಿಕೋತ ಸಾಲಿನ್ಯಾಗ ಮುಂದ ನಿಂತಾಳ. ದೀಕ್ಷಾಸ್ನಾನ ಆಗದವರು ತಗೋಬಾರದು, ಅಕಿಗೇನ ಗೊತ್ತು. ಪಾಸ್ಟರ್ರು ಸಾಲಗುಂಟ ಕೊಟ್ಟುಕೋತ ಬಂದ್ರು, ಮಕಾ ನೋಡಲಿಲ್ಲ, ಅಂಗೈಯಾಗ ರೊಟ್ಟಿಯ ಒಂದ ತುಣುಕು ಇಟ್ಟು ಮುಂದ ಹೋದ್ರು. ಅಕಿ ಬಾಯಾಗ ಹಾಕಿಕೊಳ್ಳಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು, ಸೆರಗಿನ ತುದಿಗೆ ಇಟ್ಟು ಗಂಟ ಹಾಕಿದ್ಲು.

ದ್ರಾಕ್ಷಾರಸದ ತಟ್ಟಿ ಹಿಡದು ನಿಂತಿದ್ದ ಪರಮಾನಂದ ಮಾಸ್ತರು ಅದನ್ನ ನೋಡಿದ್ರು. ಸಭೆಯ ಹಿರಿಯರು, ಮೂವತ್ತ ವರ್ಷ ಸಾಲಿ ಕಲಿಸಿದವರು. ಆರಾಧನಿ ಮುಗಿಯೂತನಕ ತಡದು, ಅಂಗಳದಾಗ ಎಲ್ಲಾರೂ ನಿಂತಲ್ಲಿ ಅಕೀನ್ನ ತರಬಿದ್ರು.

"ಗುಂಡವ್ವಾ, ಅದೇನ ಮಠದ ಪ್ರಸಾದ ಅಂತ ತಿಳಕೊಂಡೀಯೇನು? ಕರ್ತನ ಶರೀರ ಅದು. ಗಂಟ ಬಿಚ್ಚು."

"ಬಿಚ್ಚೂದಿಲ್ಲಪಾ. ಇದು ನನ್ನ ಮಗಳ ಪಾಲು."

"ಅಕಿ ಪಾಲು ಅಕೀನ ತಗೋಬೇಕು."

"ಅಕಿ ಏಳಲಿಲ್ಲ. ಉಪಾಸ ಅದಾಳ. ಎಲ್ಲಾರೂ ತಗೊಂಡ್ರು, ನನ್ನ ಕೂಸಿಗೆ ಒಬ್ಬಾಕಿಗೆ ಇಲ್ಲೇನು?"

ಮಂದಿ ನಕ್ಕರು. ಮಾಸ್ತರ ಮಕಾ ಕೆಂಪಾತು. ಕೈ ಚಾಚಿ ಅಕಿ ಸೆರಗಿನ ತುದಿ ಹಿಡದ್ರು. ಎಪ್ಪತ್ತನಾಕ ವರ್ಷದ ಹೆಣಮಗಳ ಸೆರಗು! ಅಕಿ ಬಡಿಗಿಲೆ ಅವರ ಕೈ ಮ್ಯಾಲ ಒಂದ ಬಿಟ್ಟು, "ಕೈ ತಗಿ" ಅಂದ್ಲು. ತಗದ್ರು.

ನಾ ಎಲ್ಲಿದ್ದೆ? ಎರಡ ಮಾರು ದೂರ. ನೆಲಾ ನೋಡಿಕೋತ ನಿಂತಿದ್ದೆ. ಇವರು ಟಂಟಂ ತರಾಕ ಹೋಗಿದ್ರು.

ಮನಿಗೆ ಬಂದ ಮ್ಯಾಲ ಗಂಟ ಬಿಚ್ಚಿ ನನ್ನ ಕೈಯಾಗ ಇಟ್ಲು. "ತಿನ್ನು. ಮುಂಜಾನಿಂದ ಏನೂ ಇಲ್ಲ ಹೊಟ್ಟಿಯಾಗ." ಒಂದ ಪೆಪ್ಪರಮಿಟ್ಟಿನಷ್ಟ ಇತ್ತು. ತಿನ್ನಲಿಲ್ಲ.

ಯಾರ ಮ್ಯಾಲ ಸಿಟ್ಟು ಐತಿ ತಿಳೀವಲ್ದು.

ಫೆಬ್ರವರಿ ೩, ಸೋಮವಾರ

ತುಣುಕು ಯಾಲಕ್ಕಿ ಡಬ್ಬಿಯಾಗ ಇಟ್ಟೇನಿ. ತಿಂದ್ರ ಪಾಪೋ, ಇಟ್ಟರ ಪಾಪೋ, ಇರಿವಿ ಮುಕ್ಕಿದ್ರ ಯಾರಿಗೆ ಪಾಪ? ಇವರನ್ನ ಕೇಳಿದೆ. "ಇರಿವಿಗೆ" ಅಂದ್ರು. ಇವರ ಜೋಡಿ ಮಾತಾಡೂದು ಒಂದ, ಗ್ವಾಡಿ ಜೋಡಿ ಮಾತಾಡೂದು ಒಂದ.

ಐದ ಸಲ ಡಬ್ಬಿ ತಗದು ನೋಡೇನಿ. ಇರಿವಿ ಇಲ್ಲ.

ಫೆಬ್ರವರಿ ೬, ಗುರುವಾರ

ಪರಮಾನಂದ ಮಾಸ್ತರೂ ಪಾಸ್ಟರ್ರೂ ಬಂದಿದ್ರು. ಚಾ ಮಾಡಿದೆ. ಪಾಸ್ಟರ್ರು ಪರ ಊರಿನ ಹುಡುಗ, ಮೂವತ್ತೂ ಆಗಿಲ್ಲ, ಹಿರಿಯರ ಮುಂದ ದನಿ ಏರೂದಿಲ್ಲ. ಕಪ್ಪು ತಿರಿವ್ಯಾಡಿಕೋತ ಕುಂತ್ರು. ಮಾಸ್ತರ ಹೇಳಿದ್ರು.

"ಹದಿನಾರಕ್ಕ ನಿಮ್ಮ ಸಾಕ್ಷಿ ಐತಿ. ಬೇಸ ಹೇಳ್ರಿ. ಆದ್ರ ಅವತ್ತು ತಾಯಿನ್ನ ಮನ್ಯಾಗ ಬಿಟ್ಟು ಬರ್ರಿ. ಮತ್ತ ಏನರೆ ಆತಂದ್ರ ಮಂದಿಗೆ ನಗೀ."

ನಾ ಹೂಂ ಅಂದೆ. ಬಾಗಲತನಕ ಹೋಗಿ ಕಳಿಸಿ ಬಂದೆ. ಕಪ್ಪು ತೊಳಿಯೂ ಮುಂದ ತಲಿಗೆ ಏರಿತು. ತಾಯಿನ್ನ ಸನ್ಮಾನ ಮಾಡೂ ಸಾಕ್ಷಿ ಹೇಳಾಕ ತಾಯಿನ್ನ ಮನ್ಯಾಗ ಕೀಲಿ ಹಾಕಿ ಬರಬೇಕಂತ! ಮಾಸ್ತರ ಅವ್ವ ಇದ್ದಾಗ ಅಕೀನ್ನ ಹಿಂಗ ಹೊರಗ ಇಡತಿದ್ರೇನು? ಕೈಯಾಗಿನ ಕಪ್ಪು ಒಡೀತು. ನಾನ ಒಗದೆನೋ, ಜಾರಿತೋ.

ಒಳಗಿಂದ ಅವ್ವ, "ಒಡದಿಯೇನು? ಸಾವಕಾಶ ಹಿಡೀಬೇಕು ಸಾಮಾನ" ಅಂದ್ಲು. ಬಂದವರು ಆಡಿದ್ದು ಅಕಿಗೆ ಕೇಳಿಸಿತ್ತೋ ಇಲ್ಲೋ. ಕಿವಿ ಮಂದ ಅದಾವು. ಆದ್ರ ಬ್ಯಾಡಾದಾಗ ಎಲ್ಲಾ ಕೇಳತಾವು.

ಫೆಬ್ರವರಿ ೧೧, ಮಂಗಳವಾರ

ರೊಟ್ಟಿ ಮುಗಿಸಿ ಬರಿಯಾಕ ಕುಂತ್ರ ಅಕಿ ನನ್ನ ಕೈನ ನೋಡತಿದ್ಲು.

"ದಿನಾ ಅದೇನ ಬರೀತಿ? ನನ್ನ ಬೈಗಳನಾ?"

"ಹೌದು."

"ಸಾಲಿ ಬಿಡಿಸಿದ್ದಕ್ಕ ಇಷ್ಟ ಬರದಿ. ಬಿಡಿಸದಿದ್ರ ನನ್ನ ಗತಿ ಏನಿತ್ತ!"

ಸಿಟ್ಟಿನ್ಯಾಗೂ ನಗೀ ಬಂತು. ಬಂದದ್ದಕ್ಕ ಮತ್ತ ಸಿಟ್ಟು. ಕೇಳೇ ಬಿಟ್ಟೆ. ಯಾಕ ಬಿಡಿಸಿದಿಬೇ, ಪಾಟಿಚೀಲದಾಗ ಬಳ್ಳೊಳ್ಳಿ ಯಾಕ ತುಂಬಿದಿ ಅಂತ. ನಲವತ್ತ ವರ್ಷ ಕೇಳದ ಮಾತು. ತಪ್ಪಾತು ಅಂತಾಳ ಅಂತ ಕಾಯಕೋತ ಕುಂತೆ.

"ಚೀಲ ಗಟ್ಟಿ ಇತ್ತು" ಅಂದ್ಲು.

ಅಷ್ಟ! ಆಮ್ಯಾಲ ಕಾಲು ತಿಕ್ಕಿಕೋತ, "ಕೂಸಿನ್ನ ಓಣ್ಯಾಗ ಯಾರ ಕೈಯಾಗರೆ ಕೊಡಬಹುದಿತ್ತು. ಮನಸ ಬರಲಿಲ್ಲ. ನೀ ಹಿಡದ್ರ ಅಂವ ಅಳತಿರಲಿಲ್ಲ" ಅಂದ್ಲು. ತಪ್ಪಾತು ಅನ್ನಲಿಲ್ಲ. ಅನ್ನೂದೂ ಇಲ್ಲ. ಸಾಯೂತನಕ ಅನ್ನೂದಿಲ್ಲ ಅಕಿ.

ಕಾಲು ಸಂಜೀಮುಂದ ಬಾವು ಬರತೈತಿ. ಬಿಸಿ ನೀರಿನ ಉಪ್ಪಿನ ಕಾವು ಕೊಟ್ಟೆ. ಅದರಾಗೂ ಸಿಟ್ಟ ಇತ್ತು. ನೀರು ಸುಡತೈತೇನು ಅಂತ ಮೂರ ಸಲ ಕೇಳಿದ್ದಕ್ಕ, "ಒಂದ ಸಲ ಕೇಳು, ಕಿವಿ ಅದಾವು" ಅಂದ್ಲು.

ಫೆಬ್ರವರಿ ೧೫, ಶನಿವಾರ

ಸಾಕ್ಷಿ ನಾಕ ಸಲ ಬರದು ಹರದೇನಿ. ನಾ ನಮ್ಮ ತಾಯಿನ್ನ ಪ್ರೀತಿಲೆ, ತಾಳ್ಮಿಲೆ... ಇಷ್ಟ ಬರದ್ರ ಪೆನ್ನು ನಿಂತು ಬಿಡತೈತಿ. ಸುಳ್ಳ ಹೇಳಿದ್ರ ದೇವರ ಮನ್ಯಾಗ ಸುಳ್ಳ ಹೇಳಿದಂಗ. ಖರೇ ಹೇಳಿದ್ರ ಓಣ್ಯಾಗ ಮಕಾ ಎತ್ತೂದ ಹೆಂಗ? ಹೇಳದ ಇದ್ರ ಮಾಸ್ತರು ಏನಂತಾರ? ಜ್ವರಾ ಬರಲಿ ಅಂತ ಪ್ರಾರ್ಥನಾ ಮಾಡೇನಿ. ಬಂದಿಲ್ಲ. ಥರ್ಮಾಮೀಟರ್ ಎರಡ ಸಲ ಇಟ್ಟು ನೋಡೇನಿ.

ನಾಳೆ ಅವ್ವನ ಜೋಡಿ ಮನ್ಯಾಗ ಯಾರರೆ ಇರಬೇಕಲ್ಲ, ನಾ ಇರತೇನಿ ಅಂದ್ರು ಇವರು. ಯಾಕಿರತೀರಿ? ಯಾರಿಗೆ ಅಂಜಿ? ಅಂತ ಇವರ ಮ್ಯಾಲ ಹರಿಹಾಯ್ದೆ. "ನೀನ ಹೂಂ ಅಂದೀಯಲ್ಲ ಅವರಿಗೆ" ಅಂದ್ರು. ಹೌದು, ಅಂದೇನಿ. ಅದಕ್ಕ ಸಿಟ್ಟು.

ಫೆಬ್ರವರಿ ೧೬, ಭಾನುವಾರ

ಮುಂಜಾನೆ ಅಕಿಗೆ ಇಳಕಲ್ಲ ಸೀರಿ ಉಡಿಸಿದೆ. ನಿರಗಿ ಹಿಡಿಯಾಕ ಬರೂದಿಲ್ಲ ನಿನಗ ಅಂದ್ಲು. ತಲಿ ಬಾಚಿದೆ, ಗಂಟ ಬಿಗಿ ಆತು ಅಂದ್ಲು. ವಿಭೂತಿ ಡಬ್ಬಿ ಅಕಿ ಮುಂದ ಇಟ್ಟು, ಹೊತ್ತಾತು, ಲಗೂ ಹಚ್ಚಿಕೋ ಅಂದೆ. ಅಕಿ ನನ್ನ ಮಕಾ ಒಮ್ಮೆ, ಡಬ್ಬಿ ಒಮ್ಮೆ ನೋಡಿ ಹಚ್ಚಿಕೊಂಡ್ಲು. ಹೊಂಡೂ ಮುಂದ ಯಾಲಕ್ಕಿ ಡಬ್ಬಿ ತಗದು ಆ ತುಣುಕು ಬಾಯಾಗ ಹಾಕಿಕೊಂಡೆ. ನಮ್ಮ ಖಡಕ್ ರೊಟ್ಟಿಗಿಂತ ಬಿರಸಾಗಿತ್ತು. ಯಾಲಕ್ಕಿ ವಾಸನಿ. ಪಾಪ ಆದ್ರ ಆಗಲಿ, ಎರಡ ವಾರ ಅಂಜಿ ಅಂಜಿ ಸಾಕಾಗೇತಿ.

ಅಕೀನ್ನ ಕೈ ಹಿಡದು ಮುಂದಿನ ಬಾಕಿನ ಮ್ಯಾಲ ಕುಂಡ್ರಿಸಿದೆ. ಮಾಸ್ತರು ನೋಡಿದ್ರು. ನೋಡ್ಲಿ.

ಪಾಸ್ಟರ್ರು ಹೆಸರು ಕರದ್ರು. ನೋಟುಬುಕ್ಕು ಹಿಡಕೊಂಡು ಹೋದೆ. ಅದರಾಗ ಓದುವಂಥಾದ್ದು ಒಂದ ಸಾಲಿಲ್ಲ. ಮೈಕು ಕುಂಯ್ ಅಂತು. ಏನಂದೆ ಅನ್ನೂದು ನೆನಪಿದ್ದಷ್ಟ ಬರೀತೇನಿ.

"ನಾ ನಮ್ಮವ್ವಗ ದಿನಾ ಬೈತೇನ್ರಿ. ಜಳಕಾ ಮಾಡಸತೇನಿ, ಅದಕ್ಕೂ ಬೈತೇನಿ. ಹೋದ ಸಲ ಕರ್ತನ ಭೋಜನದ ದಿನ ಅಕಿ ಜೋಡಿ ಜಗಳಾ ಮಾಡಿ, ಒದ್ದಿ ಅರಿವಿಲೆ ಅಕಿ ಹಣಿ ಒರಸಿ ಬಂದಿದ್ದೆ. ಅದಕ ನಾ ಏಳಲಿಲ್ಲ. ಅಷ್ಟೆಲ್ಲಾ ಅನಿಸಿಕೊಂಡಾಕಿ, ನನಗ ಸಿಗಲಿಲ್ಲಂತ ಮುರದ ಕಾಲು ಎಳಕೋತ ಹೋಗಿ ನನ್ನ ಪಾಲು ತಂದ್ಲು. ಅಂಗಳದಾಗ ಅಕಿ ಸೆರಗು ಹಿಡದು ಬಿಚ್ಚು ಅಂದಾಗ ನಾ ಎರಡ ಮಾರು ದೂರ ಇದ್ದೆ. ನಮ್ಮವ್ವನ ಸೆರಗು ಬಿಡ್ರಿ ಅನ್ನಲಿಲ್ಲ. ಐದನೇ ಆಜ್ಞೆ ಮುರದಾಕಿ ನಾನ್ರಿ. ಇದ ನನ್ನ ಸಾಕ್ಷಿ."

ಆಗ ಅವ್ವ, ಮೈಕಿಗಿಂತ ಜೋರ, ಇವರನ್ನ ಕೇಳಿದ್ಲು: "ಏನಂದ್ಲು ಅಳಿಯಾರ?"

ಇವರು ಕಿವ್ಯಾಗ ಹೇಳಿದ್ರು. ಬಾಳೊತ್ತು ಹೇಳಿದ್ರು. ಎಲ್ಲಾರೂ ಅಕಿ ಮಕಾನ ನೋಡತಿದ್ರು.

"ಹಂಗಂದ್ಲಾ? ದನಿ ಸಣ್ಣದಾತು. ಹಿಂದಿನವರಿಗೆ ಕೇಳಸೂದಿಲ್ಲ."

ಎಲ್ಲಾರ ಮುಂದ! ಇಂಥಾದ್ದರಾಗೂ ಅಕಿಗೆ ಅಂಚು ದಪ್ಪನ ಕಾಣತೈತಿ. ನಾ ಬಂದು ಧಪ್ಪನ ಕುಂತೆ. ಪಾಸ್ಟರ್ರು ಪ್ರಾರ್ಥನಾ ಮಾಡೂಣ ಅಂದ್ರು. ಕಣ್ಣ ಮುಚ್ಚಿದಾಗ ಯಾರೋ ನನ್ನ ಕೈ ಹಿಡದ್ರು. ಒರಟು ಕೈ, ಹಿಟ್ಟಿನ ಕೈ. ಪ್ರಾರ್ಥನಾ ಮುಗಿಯೂತನಕ ಬಿಡಲಿಲ್ಲ. ಹಿಡದದ್ದು ಎಷ್ಟ ಬಿಗಿ ಅಂದ್ರ ಬಳಿ ಒತ್ತಿ ಗೀರ ಬಿದ್ದಾವು.

ಅಂಗಳದಾಗ ಅಕಿ ಬಡಿಗಿ ಜಾರಿ ಬಿತ್ತು. ಪರಮಾನಂದ ಮಾಸ್ತರು ಬಂದು, ಬಗ್ಗಿ, ಎತ್ತಿ ಕೊಟ್ರು. ಅಕಿ, "ನಿನ್ನ ಕೈಗೆ ನೋವಾಗಿತ್ತೇನಪಾ ಅವತ್ತು?" ಅಂದ್ಲು. ಅವರು ಇಲ್ಲ ಅಂದ್ರು. "ಹಂಗಾದ್ರ ಹಗರಕ ಬಿದ್ದಿತ್ತು" ಅಂದ್ಲು.

ನನಗಿನ್ನೂ ಅವರ ಮ್ಯಾಲ ಸಿಟ್ಟು ಐತಿ.

ಫೆಬ್ರವರಿ ೧೯, ಬುಧವಾರ

ಕಲ್ಮೇಶ ಫೋನ್ ಮಾಡಿದ್ದ. ಶಿವರಾತ್ರಿಗೆ ಬರತೇನಿ, ಬಸ್ಸಿನ್ಯಾಗ ಕರಕೊಂಡು ಹೋಗತೇನಿ ಅಂದ. ತಲಿ ಐತೇನು ಇವಗ? ರಾಡ್ ಹಾಕಿದ ಕಾಲು ಮಡಚಾಕ ಬರೂದಿಲ್ಲ, ಬಸ್ಸಿನ ಸೀಟಿನ್ಯಾಗ ಬಾಗೇವಾಡಿತನಕ ಹೆಂಗ ಕುಂಡರತಾಳ? ಸಂಜೀಮುಂದ ಕಾವು ಕೊಡಬೇಕು, ನಿನ್ನ ಹೇಣ್ತಿ ಕೊಡತಾಳೇನು? ನೀರು ಎಷ್ಟ ಬಿಸಿ ಇರಬೇಕಂತ ಗೊತ್ತೈತೇನು ನಿಮಗ? ಚಂದಂಗಿ ಬೈದು, ಬ್ಯಾಸಗಿ ಹೋಗಲಿ, ಮುಂದ ನೋಡೂಣು ಅಂದು ಫೋನ್ ಇಟ್ಟೆ.

ಇವತ್ತೂ ಅಂಚು ದಪ್ಪ ಅಂತ. ಹಂಗಾದ್ರ ಕೈ ಹಿಡದು ತೋರಸು ಅಂದೆ. ನನ್ನ ಮುಂಗೈ ಹಿಡದು ಪರಾತದ ಸುತ್ತ ಎರಡ ಸಲ ತಿರಿವಿದ್ಲು. ಬಡಿಯೂದಲ್ಲ, ದೂಡೂದು ಅಂತ. ಮೂವತ್ತ ವರ್ಷ ಆದ ಮ್ಯಾಲ ಹೇಳತಾಳ! ಮೊದಲ ಹೇಳಾಕ ಏನಾಗಿತ್ತು?

ಇವರು ನಾಳೆ ಇಂಡಿಗೆ ಹೊಂಟಾರ. ತರಬೇಕಾದ್ದು: ಕಾಲಿಗೆ ಹಚ್ಚೂ ಎಣ್ಣಿ, ಎರಡ ಕಪ್ಪು, ಬಳ್ಳೊಳ್ಳಿ ಅರ್ಧ ಕಿಲೋ. ದಾರ್ಯಾಗ ಲಚ್ಯಾಣಕ್ಕ ಹೊಳ್ಳಿ ವಿಭೂತಿ. ಅವ್ವನ ಡಬ್ಬಿ ತಳಾ ಕಂಡೇತಿ.